ನೆಲ್ಲಿಕೋಡಿಯಲ್ಲಿ ನಮ್ಮ ಮಾಳಿಗೆ

ಶಲವಡಿ
೯-೧-೨೦೨೫

ನನ್ನ ಮೊಮ್ಮಗಳು ನಿಲೋಫರಳಿಗೆ,

ನೀನು ಹೇಗಿದ್ದೀ? ನಿನ್ನ ಜೊತೆ ಕೋಣೆಯಲ್ಲಿರುವ ನರ್ಸಬಾಯಿ ಮುಸರತ್ ಹೇಗಿದ್ದಾಳೆ, ಸಮುದ್ರದ ಗಾಳಿಗೆ ಹತ್ತಿದ್ದ ಅವಳ ಕೆಮ್ಮು ಹೋಯಿತೇ? ಮನೆಯೊಡತಿ ಬೀರಮ್ಮನವರ ಮೊಣಕಾಲು ಈಗ ಹೇಗಿದೆ? ಇಲ್ಲಿ ನಿನ್ನ ಅಜ್ಜಿ ಮೈಮುನಬಿ ಗಟ್ಟಿಯಾಗಿದ್ದಾಳೆ, ನನ್ನನ್ನು ಬಯ್ಯುವ ಶಕ್ತಿ ಇನ್ನೂ ಪೂರ್ತಿ ಇದೆ. ನಿನ್ನ ಅವ್ವ ಶಬನಮ್ ಸೋಮವಾರ ಅಣ್ಣಿಗೇರಿಯಿಂದ ಬಂದು ಹೋದಳು, ಬಿಪಿ ಇಳಿದಿದೆಯಂತೆ. ನನ್ನದು ಕಿವಿಯೊಂದು ಬಿಟ್ಟರೆ ಎಲ್ಲ ಸರಿ. ನಲವತ್ತು ವರ್ಷ ಹತ್ತಿ ಹಿಂಜುವ ಮಷೀನಿನ ಬಾಜು ಕೂತು ಗಾದಿ ಹೊಲಿದವನಿಗೆ ಫೋನಿನಲ್ಲಿ ನಿನ್ನ ದನಿ ಸೊಳ್ಳೆ ಹಾಡಿದ ಹಾಗೆ ಕೇಳುತ್ತದೆ. ಅದಕ್ಕೇ ಈ ಕಾಗದ.

ನಿನಗೆ ಗ್ರಾಮ ಆಡಳಿತಾಧಿಕಾರಿ ಎಂದು ನೌಕರಿ ಬಂದಾಗ ಮನೆಯವರೆಲ್ಲ ನನಗೆ ಹೇಳಿದ್ದು ‘ಕಾರವಾರ ಕಡೆ’ ಎಂದಷ್ಟೇ. ಹೋದ ವಾರ ನೀನು ಕಳಿಸಿದ ಕೊಕಮ್ಮಿನ ಡಬ್ಬಿ ಬಂತಲ್ಲ, ಅದರ ಮೇಲೆ ಊರಿನ ಹೆಸರು ಓದಿದೆ. ನೆಲ್ಲಿಕೋಡಿ. ಡಬ್ಬಿ ಕೈಯಲ್ಲೇ ಹಿಡಿದು ಓಣಿಗೆ ಓಡಿದೆ. ಚಪ್ಪಲಿ ಹಾಕಿರಲಿಲ್ಲ ಎಂದು ನಿನ್ನ ಅಜ್ಜಿ ಇನ್ನೂ ಹೇಳುತ್ತಿದ್ದಾಳೆ.

ನಾಲ್ಕು ತಿಂಗಳಿಂದ ನೀನು ಯಾವ ಊರಲ್ಲಿ ಅಡ್ಡಾಡುತ್ತಿದ್ದೀ ಗೊತ್ತೇ? ನನ್ನ ಅಜ್ಜನ ಅಜ್ಜ ಇಮಾಮಸಾಬ ಹೋಗಿ ಬಂದ ಊರದು. ಈ ಕಡೆಗೆ ರೈಲು ಇನ್ನೂ ಬಾರದ ಕಾಲದಲ್ಲಿ ನಮ್ಮೂರಿನ ಹತ್ತಿ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ನೆಲ್ಲಿಕೋಡಿಯ ಬಂದರಕ್ಕೆ ಹೋಗಿ ಹಡಗು ಹತ್ತುತ್ತಿತ್ತು. ಗಾಡಿಗಳ ಹಿರಿಯ ನನ್ನ ಸಾಲಿಯ ಗೆಳೆಯ ಗೂಳಪ್ಪನ ವಂಶದವನು. ಹತ್ತಿಯ ಹದ ನೋಡಲು ಜೊತೆಗೆ ಹೋಗುತ್ತಿದ್ದವನು ಇಮಾಮಸಾಬ. ಪ್ರತಿ ವರ್ಷ ಹತ್ತಿ ಬಿಡಿಸುವಾಗ ನನ್ನ ಅಪ್ಪ ಒಂದೇ ಮಾತು ಹೇಳುತ್ತಿದ್ದ: “ಬಂದರದಾಗ ನಮ್ಮದೊಂದು ಮಾಳಿಗಿ ಐತಿ.” ಅಷ್ಟೇ. ಮುಂದೆ ಕೇಳಿದರೆ ನಕ್ಕು ಎದ್ದು ಹೋಗುತ್ತಿದ್ದ.

ಈಗ ಅದು ಯಾಕೆ ಬೇಕಾಯಿತೆಂದರೆ, ನಮ್ಮ ಸಾಲಿಯ ಹೆಡ್‌ಬಾಯಿ ಮಲ್ಲಿಕಾ ಊರಿನ ಚರಿತ್ರೆಯ ಪುಸ್ತಕ ಮಾಡಿಸುತ್ತಿದ್ದಾರೆ. ನಾನು ಮಾಳಿಗೆಯ ಸಂಗತಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, “ಅಜ್ಜಾರ, ಕಣ್ಣಿಲೆ ಕಂಡವರು ಯಾರರೆ ಅದಾರೇನ್ರಿ?” ಎಂದರು. ಯಾರೂ ಇಲ್ಲ. ಆದರೂ ಒಳ್ಳೆಯ ಹೆಣ್ಣುಮಗಳು, ಅರ್ಧ ಪುಟ ಖಾಲಿ ಬಿಟ್ಟಿದ್ದಾರೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವನು ನಾನು, ಕಿರಾಣಿ ಪೊಟ್ಟಣದ ಕಾಗದ ಓದಿ ಓದಿ ಅಕ್ಷರ ಉಳಿಸಿಕೊಂಡವನು. ಅಚ್ಚಾಗುವ ಪುಸ್ತಕದಲ್ಲಿ ನನಗಾಗಿ ಖಾಲಿ ಇರುವ ಜಾಗ ಅದೊಂದೇ.

ನೀನು ಹುಡುಕು. ಬಂದರ ಎಲ್ಲಿತ್ತು, ಹಡಗು ಎಲ್ಲಿ ನಿಲ್ಲುತ್ತಿತ್ತು, ದೀಪದ ಕಂಬ ಇದೆಯೇ, ನಮ್ಮ ಮಾಳಿಗೆ ಯಾವ ಬದಿಗಿದೆ? ಎಲ್ಲ ಬರೆ.

ನಿನ್ನ ಅಜ್ಜ,
ಮಾಬುಸಾಬ

*

ನೆಲ್ಲಿಕೋಡಿ
೨೫-೧-೨೦೨೫

ಪ್ರೀತಿಯ ಅಜ್ಜನಿಗೆ,

ಎಲ್ಲರೂ ಆರಾಮ. ಮುಸರತ್ ಕೆಮ್ಮು ಬಿಟ್ಟು ಈಗ ಮೀನಿನ ಸಾರು ಹಿಡಿದಿದ್ದಾಳೆ. ಬೀರಮ್ಮನ ಮೊಣಕಾಲು ಹಾಗೇ ಇದೆ, ಆದರೂ ದೋಣಿ ಹತ್ತುವುದು ಬಿಟ್ಟಿಲ್ಲ. ಅವರ ಮನೆತನ ತಲೆಮಾರಿನಿಂದ ಹೊಳೆ ದಾಟಿಸುವವರು.

ನಿಮ್ಮ ಕಾಗದ ಓದಿ ಎರಡು ಭಾನುವಾರ ಊರು ಸುತ್ತಿದೆ. ನದಿ ಸಮುದ್ರ ಸೇರುವ ಬಾಯಿಗೆ ಇಲ್ಲಿ ಅಳಿವೆ ಎನ್ನುತ್ತಾರೆ. ಊರು ಅಳಿವೆಯ ಒಳದಂಡೆಗಿದೆ. ಆಚೆ ದಂಡೆ ಮರಳಿನ ಒಂದು ಬೆರಳಿನ ಹಾಗೆ ಸಮುದ್ರಕ್ಕೆ ಚಾಚಿದೆ, ಅದರ ತುದಿಯಲ್ಲಿ ಒಂದು ಬಿಳಿ ದರ್ಗಾ. ದೋಣಿಯವರು ಯಾವ ಜಾತಿಯವರಿರಲಿ, ಅಳಿವೆ ದಾಟುವಾಗ ಅದಕ್ಕೆ ತಲೆ ಬಾಗಿಸಿ ಹೋಗುತ್ತಾರೆ. ಅಜ್ಜಾ, ಉಬ್ಬರ ಬರುವಾಗ ನೋಡಬೇಕು ನೀವು. ನದಿ ಹಿಂದಕ್ಕೆ ಹರಿಯುತ್ತದೆ. ಬೆಳಿಗ್ಗೆ ಸಮುದ್ರಕ್ಕೆ ಹೋದ ತೆಂಗಿನ ಸಿಪ್ಪೆ ಮಧ್ಯಾಹ್ನ ನಮ್ಮ ಮೆಟ್ಟಿಲಿಗೇ ಮರಳಿ ಬರುತ್ತದೆ.

ದೀಪದ ಕಂಬ ಗುಡ್ಡದ ಮೇಲಿದೆ, ಮೊಂಡಾಗಿದೆ, ಈಗ ಉರಿಯುವುದಿಲ್ಲ. ಹಡಗಿನ ಸುಂಕ ಎತ್ತುತ್ತಿದ್ದ ಕಟ್ಟಡದಲ್ಲಿ ಈಗ ಅಂಗನವಾಡಿ. ಹಡಗು ನಿಲ್ಲುತ್ತಿದ್ದ ಹಳೆಯ ಧಕ್ಕೆಯ ಕಲ್ಲುಗಳಲ್ಲಿ ಹಗ್ಗ ಕಟ್ಟುವ ಕಬ್ಬಿಣದ ಬಳೆಗಳು ಇನ್ನೂ ಇವೆ, ಒಂದೊಂದು ನನ್ನ ತೋಳಿನಷ್ಟು ದಪ್ಪ. ಅದರ ಪಕ್ಕದಲ್ಲೇ ಮೀನುಗಾರರಿಗೆ ಹೊಸ ಧಕ್ಕೆ ಆಗುತ್ತಿದೆ, ಅಲ್ಲಿಗೆ ರಸ್ತೆ ಮಾಡಲು ಅಳತೆ ನಡೆದಿದೆ. ನನ್ನ ಕೆಲಸವೆಲ್ಲ ಈಗ ಅದೇ.

ನಮ್ಮ ಕಡೆಯ ಹಾಗೆ ಚಪ್ಪಟೆ ಸೂರಿನ ಮಾಳಿಗೆ ಎನ್ನುವಂಥದ್ದು ಕಾಣಲಿಲ್ಲ. ಇಲ್ಲಿ ಎಲ್ಲ ಇಳಿಜಾರು ಹೆಂಚಿನ ಮನೆಗಳು. ಧಕ್ಕೆಯ ಹತ್ತಿರ ಒಂದು ಕಲ್ಲಿನ ಕಟ್ಟೆ ಇದೆ, ಅದರ ಮೇಲೆ ಕೂತು ಬಲೆ ಹೊಲಿಯುತ್ತಾರೆ. ಘಟ್ಟದ ಮೇಲಿನವರು ಕಟ್ಟಿದ್ದಂತೆ. ಹೆಚ್ಚಿಗೆ ಕೇಳಿದರೆ ನಗುತ್ತಾರೆ. ಇನ್ನೂ ಹುಡುಕುತ್ತೇನೆ.

ನಿಮ್ಮ
ನಿಲೋಫರ್

*

ಶಲವಡಿ
೪-೨-೨೦೨೫

ನಿಲೋಫರ್ ಮಗಳೇ,

ನಿನ್ನ ಕಾಗದವನ್ನು ಮೂರು ಕಡೆ ಓದಿದೆ. ಮೊದಲು ಮನೆಯಲ್ಲಿ, ಆಮೇಲೆ ಹೊಟೇಲಿನಲ್ಲಿ, ಕಡೆಗೆ ಸಾಲಿಯಲ್ಲಿ. ನದಿ ಹಿಂದಕ್ಕೆ ಹರಿಯುತ್ತದೆ ಎಂದಾಗ ಹೊಟೇಲಿನಲ್ಲಿ ಯಾರೂ ನಂಬಲಿಲ್ಲ, ಸರಕಾರಿ ನೌಕರಿಯವಳು ಬರೆದಿದ್ದಾಳೆ ಎಂದು ತೋರಿಸಿ ಬಾಯಿ ಮುಚ್ಚಿಸಿದೆ.

ಸಿಕ್ಕಿತಲ್ಲ ಮಗಳೇ, ಇನ್ನೇನು ಹುಡುಕುತ್ತೀ? ಆ ಕಟ್ಟೆಯೇ ನಮ್ಮದು. ಘಟ್ಟದ ಮೇಲಿನವರು ಎಂದರೆ ನಾವೇ ತಾನೇ? ಕಟ್ಟೆಯೇ ಅಷ್ಟು ಉಳಿದಿದ್ದರೆ ಅದರ ಮೇಲೆ ಎಂಥ ಮಾಳಿಗೆ ಇದ್ದಿರಬೇಕು. ಗಾಡಿಯವರು ತಂಗಲು, ಹತ್ತಿ ತುಂಬಿದ ಅಂಡಿಗೆ ಚೀಲ ಇಡಲು ದೊಡ್ಡ ಛತ್ರವನ್ನೇ ಕಟ್ಟಿರುತ್ತಾರೆ. ಅಲ್ಲಿಯ ಜನ ಕೇಳಿದೊಡನೆ ನಗುತ್ತಾರೆ ಎಂದು ಬರೆದಿದ್ದೀ. ಎಷ್ಟು ಕಾಲವಾದರೂ ನಮ್ಮವರ ನೆನಪಿಗೆ ಮುಖ ಅರಳುತ್ತದೆ ಎಂದರೆ ಏನು ಪ್ರೀತಿ ಇದ್ದಿರಬೇಕು.

ಗೂಳಪ್ಪ ಮಾತ್ರ ಎಂದಿನಂತೆ, “ಅಲ್ಲಲೇ ಮಾಬು, ಕಟ್ಟಿ ಮ್ಯಾಲೆ ಬಲಿ ಹೊಲ್ಯಾಕ ಹತ್ಯಾರ. ನೀ ಅದಕ್ಕ ಅರಮನಿ ಅಂತೀ,” ಎಂದು ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದ. ಹಾಗೆಂದವನೇ, ಬರುವುದಾದರೆ ಗಾಡಿಯಲ್ಲಿ ಮುಂದಿನ ಸೀಟು ತನಗೆ ಎಂದೂ ಹೇಳಿಟ್ಟಿದ್ದಾನೆ. ಕಡಲೆ ಕಿತ್ತ ಮೇಲೆ ಹನ್ನೆರಡು ಮಂದಿ ಬರುವುದೆಂದು ಆಗಿದೆ. ಹೆಡ್‌ಬಾಯಿಯೂ ಬರುತ್ತಾರೆ. ಅಣ್ಣಿಗೇರಿಯ ಪೇಂಟರನಿಗೆ ಹೇಳಿ ತಗಡಿನ ಬೋರ್ಡು ಬರೆಸಿದ್ದೇನೆ: ‘ಶಲವಡಿಯವರ ಛತ್ರ’. ಹಳದಿಯ ಮೇಲೆ ಕೆಂಪು ಅಕ್ಷರ.

ಕಟ್ಟೆಯ ಉದ್ದ ಅಗಲ ಅಳೆದು ಬರೆ. ಜನ ಅದಕ್ಕೆ ಏನೆಂದು ಕರೆಯುತ್ತಾರೆ, ಅದನ್ನೂ ಬರೆ.

ಮಾಬುಸಾಬ

*

ನೆಲ್ಲಿಕೋಡಿ
೨-೩-೨೦೨೫

ಅಜ್ಜನಿಗೆ,

ಉತ್ತರ ತಡವಾಯಿತು, ಬೇಸರ ಮಾಡಿಕೊಳ್ಳಬೇಡಿ. ರಸ್ತೆಯ ಕೆಲಸ ಬಹಳ. ಇವತ್ತಿನಿಂದ ರೋಜಾ ಉಪವಾಸ; ಮುಸರತ್ ಮತ್ತು ನಾನು ಇಬ್ಬರೂ ಹಿಡಿದಿದ್ದೇವೆ. ನೀವು ಗುಳಿಗೆ ನುಂಗುವವರು, ಅಜ್ಜಿ ಹೇಳಿದ ಹಾಗೆ ಕೇಳಿ.

ಹನ್ನೆರಡು ಮಂದಿ ಈಗ ಬರುವುದು ಬೇಡ. ಇಲ್ಲಿ ಸೆಕೆ ಎಂದರೆ ನಿಮಗೆ ತಡೆಯಲಾಗುವುದಿಲ್ಲ, ಇಳಿದುಕೊಳ್ಳಲು ಜಾಗವೂ ಇಲ್ಲ. ಬೋರ್ಡನ್ನು ಸದ್ಯಕ್ಕೆ ಮನೆಯಲ್ಲೇ ಇಡಿ. ಕಟ್ಟೆಯ ವಿಷಯದಲ್ಲಿ ಬರೆಯುವಂಥದ್ದು ವಿಶೇಷವಿಲ್ಲ. ಉದ್ದ ಹದಿನೆಂಟು ಹೆಜ್ಜೆ, ಅಗಲ ಹನ್ನೊಂದು. ಅದು ನಮ್ಮದೇ ಎಂದು ಹೇಳಲು ಆಧಾರವೂ ಇಲ್ಲ. ಊರಿನ ಪುಸ್ತಕದಲ್ಲಿ ಬೇರೆ ಏನಾದರೂ ಬರೆಸಬಾರದೇ? ನಿಮ್ಮ ಹತ್ತಿರ ಎಷ್ಟೊಂದು ಸಂಗತಿಗಳಿವೆ.

ಆ ಕಟ್ಟೆಯ ಮೇಲೆ ನನಗೂ ಸಿಟ್ಟು ಬಂದಿದೆ. ಮೊನ್ನೆ ಅಳೆಯುವಾಗ ಆಫೀಸಿನ ಬೀಗದ ಕೈ ಬಿತ್ತು. ಊರೆಲ್ಲ ಕೆಂಪು ಚಿರೆಕಲ್ಲಿನ ನೆಲ, ಆ ಕಟ್ಟೆಯ ಒಳಭಾಗ ಮಾತ್ರ ಬಿಸಿಲಿಗೆ ಬಾಯಿ ಬಿಟ್ಟಿದೆ. ಬಿರುಕಿನೊಳಗೆ ಬಿದ್ದ ಕೀಲಿ ಕೈಗೆ ಸಿಗಲಿಲ್ಲ, ಕಡ್ಡಿ ಹಾಕಿದರೆ ಮೊಳದಷ್ಟು ಒಳಗೆ ಹೋಯಿತು. ಹೊಸ ಕೀಲಿ ಮಾಡಿಸಬೇಕಾಯಿತು.

ನಿಲೋಫರ್

*

ಶಲವಡಿ
೧೦-೩-೨೦೨೫

ಮಗಳೇ,

ನಿನ್ನ ಕಾಗದದಲ್ಲಿ ಉಳಿದದ್ದೆಲ್ಲ ಇರಲಿ. ಕೀಲಿ ಎಲ್ಲಿ ಬಿತ್ತು ಎಂದೆ? ಆ ಬಿರುಕಿನ ಮಣ್ಣು ಕಪ್ಪೇ?

ಓದುತ್ತ ಓದುತ್ತ ನಿಂತೇ ಬಿಟ್ಟೆ ನೋಡು. ಬೇಸಿಗೆಯಲ್ಲಿ ಮೊಳದುದ್ದ ಬಾಯಿ ಬಿಡುವ ಮಣ್ಣು ಯಾವುದು? ನಿನ್ನ ಅವ್ವ ಸಣ್ಣವಳಿದ್ದಾಗ ಆಕೆಯ ಬೆಳ್ಳಿಯ ಕಾಲ್ಗಡಗವನ್ನು ನುಂಗಿದ್ದು ಗೂಳಪ್ಪನ ಹೊಲದ ಇಂಥದೇ ಬಿರುಕು. ನಮ್ಮ ಕರಿಯ ಎರೆಮಣ್ಣು ಬಿಟ್ಟರೆ ಬೇರೆ ಯಾವ ಮಣ್ಣಿಗೂ ಈ ಬುದ್ಧಿ ಇಲ್ಲ. ಕೆಂಪು ಕಲ್ಲಿನ ಊರಲ್ಲಿ ಎರೆಮಣ್ಣು ತಾನಾಗಿ ನಡೆದು ಬಂದಿತೇ?

ಹೀಗೆ ಮಾಡು. ಒಂದು ಮುಷ್ಟಿ ತೆಗೆ. ನೀರು ಹಾಕಿ ನಾದು, ಲಿಂಬೆಹಣ್ಣಿನಷ್ಟು ಉಂಡೆ ಕಟ್ಟಿ ನೆರಳಲ್ಲಿ ನಾಲ್ಕು ದಿನ ಇಡು. ಅಂಗಳದ ಕೆಂಪು ಮಣ್ಣಿನದೂ ಒಂದು ಕಟ್ಟು. ಎರೆಯದಾದರೆ ಸಣ್ಣದಾಗಿ, ಕಲ್ಲಾಗಿ, ಮೈಯೆಲ್ಲ ಸೀಳುತ್ತದೆ. ಕೆಂಪಿನದು ಇದ್ದ ಹಾಗೇ ಇರುತ್ತದೆ. ಹಾಗಾದರೆ ತಡ ಮಾಡಬೇಡ, ತಕ್ಷಣ ಬರೆ.

ಇನ್ನೊಂದು. ಜನ ಅದಕ್ಕೆ ಏನೆನ್ನುತ್ತಾರೆ ಎಂದು ಕೇಳಿದ್ದೆ. ನೀನು ಬರೆಯಲಿಲ್ಲ. ಮೊದಲು ನಿನ್ನ ಕಾಗದದಲ್ಲಿ ಉಬ್ಬರ ಇರುತ್ತಿತ್ತು, ಈ ಸಲ ಇಳಿತವೇ ಇದೆ. ಬೋರ್ಡು ಬರೆಸಿದ್ದು ನಿನಗೆ ನೌಕರಿಯಲ್ಲಿ ತೊಂದರೆಯಾಯಿತೇ? ಅಜ್ಜ ಊರ ತುಂಬ ಡಂಗುರ ಹೊಡೆದ ಎಂದು ಸಿಟ್ಟೇ? ಇದ್ದರೆ ಹೇಳು.

ಮಾಬುಸಾಬ

*

ನೆಲ್ಲಿಕೋಡಿ
೨೨-೩-೨೦೨೫

ಅಜ್ಜಾ,

ಉಂಡೆ ಸೀಳಿದೆ. ನಾಲ್ಕನೇ ದಿನ ಬೆಳಿಗ್ಗೆ ಕಿಟಕಿಯಲ್ಲಿ ನೋಡಿದೆ. ಕೆಂಪಿನದು ಹಾಗೇ ಇದೆ. ಕರಿಯದು ಅರ್ಧದಷ್ಟಾಗಿ, ಮೈಯೆಲ್ಲ ಗೆರೆ ಬಿಟ್ಟು ಕೂತಿದೆ. ಮುಸರತ್ ಅದನ್ನು ಕೈಯಲ್ಲಿ ಹಿಡಿದು, “ನಿಮ್ಮ ಅಜ್ಜ ಡಾಕ್ಟರ್ ಆಗಬೇಕಿತ್ತು,” ಎಂದಳು.

ಈಗ ನಾನು ಮುಚ್ಚಿಟ್ಟಿದ್ದನ್ನು ಹೇಳುತ್ತೇನೆ. ಜನವರಿಯಲ್ಲೇ ಗೊತ್ತಿತ್ತು. ಅದನ್ನು ಇಲ್ಲಿ ಎಲ್ಲರೂ ಕರೆಯುವುದು ಹುಚ್ಚರ ಕಟ್ಟೆ ಎಂದು.

ಬೀರಮ್ಮ ಹೇಳಿದ ಕಥೆ ಇದು. ಘಟ್ಟದ ಮೇಲಿನ ಗಾಡಿಯವರು ಹತ್ತಿ ತರುತ್ತಿದ್ದರು. ಹಡಗು ಬರುವವರೆಗೆ ತಂಗಲು ಒಂದು ಮನೆ ಕಟ್ಟಲು ಹೊರಟರು. ಊರವರು ಹುಲ್ಲು ಹೊದಿಸಿ, ಮಡಲು ಹೊದಿಸಿ ಎಂದರು. ಮಡಲು ಎಂದರೆ ಇಲ್ಲಿ ಮಾಡಿಗೆ, ಅಂದರೆ ಮನೆಯ ಸೂರಿಗೆ, ಹಾಕುವ ತೆಂಗಿನ ಗರಿ. ಗಾಡಿಯವರು ಕೇಳಲಿಲ್ಲ. ನಿಮ್ಮ ಕೆಂಪು ಮಣ್ಣೂ ಬೇಡ ಎಂದರು. ಒಂದೊಂದು ಗಾಡಿಯಲ್ಲಿ ಒಂದೊಂದು ಬುಟ್ಟಿ ತಮ್ಮ ಊರಿನ ಮಣ್ಣು ತಂದು, ಎರಡು ಸುಗ್ಗಿ ಕೂಡಿಸಿ, ಕಟ್ಟೆಯೊಳಗೆ ಆ ಮಣ್ಣು ತುಂಬಿ, ಚಪ್ಪಟೆ ಮಾಡು ಹಾಕಿ ಅದರ ಮೇಲೂ ಅದನ್ನೇ ಬಡಿದರು. “ಮಣ್ಣಿನ ಮಾಡು ಮಾರಾಯ್ತಿ! ಮಳೆ ಹಿಡಿದ ಮೂರನೇ ದಿನ ಮಾಡು ಹೋಗಿ ಅಳಿವೆಯಲ್ಲಿತ್ತು,” ಎಂದು ಬೀರಮ್ಮ ಕಣ್ಣೊರೆಸಿಕೊಂಡು ನಕ್ಕರು. ಇಂದಿಗೂ ಮೊದಲ ಮಳೆ ಬಿದ್ದ ಮರುದಿನ ಯಾರಾದರೊಬ್ಬರು ಹೋಗಿ ಆ ಕಟ್ಟೆಯ ಮೇಲೆ ಒಂದು ಮಡಲು ಹಾಕಿ ಬರುತ್ತಾರಂತೆ. ಹುಚ್ಚರ ಮನೆಗೆ ಮಾಡು ಎಂದು ತಮಾಷೆ.

ನೀವು ಛತ್ರ ಎಂದು ಬೋರ್ಡು ಬರೆಸಿದಿರಿ. ಹನ್ನೆರಡು ಮಂದಿಯ ಮುಂದೆ, ಹೆಡ್‌ಬಾಯಿಯವರ ಮುಂದೆ ಈ ಜನ ನಗುವುದನ್ನು ನೀವು ನೋಡಬಾರದು ಎನ್ನಿಸಿತು.

ಇನ್ನೂ ಇದೆ. ರಸ್ತೆ ಆ ಕಟ್ಟೆಯ ಮೇಲೆಯೇ ಹೋಗುತ್ತದೆ. ಸ್ಥಳದ ವರದಿ ಬರೆಯುವವಳು ನಾನೇ. ‘ವಾರಸುದಾರರಿಲ್ಲದ ಪಾಳು ಕಟ್ಟೆ, ತೆರವಿಗೆ ಅಡ್ಡಿಯಿಲ್ಲ’ ಎಂದು ಬರೆದಿಟ್ಟಿದ್ದೆ. ಸಹಿ ಮಾಡಿರಲಿಲ್ಲ. ಉಂಡೆ ಸೀಳಿದ ದಿನ ಆ ಹಾಳೆ ಹರಿದೆ. ನನ್ನ ಮನೆತನಕ್ಕೆ ಸಂಬಂಧವಿದೆ ಎಂದು ಬರೆದುಕೊಟ್ಟು, ವರದಿಯನ್ನು ಪಕ್ಕದ ಊರಿನ ಅಧಿಕಾರಿಗೆ ಒಪ್ಪಿಸಿದ್ದೇನೆ. ಏಪ್ರಿಲ್ ಇಪ್ಪತ್ತನಾಲ್ಕಕ್ಕೆ ತಹಶೀಲ್ದಾರರು ಕಟ್ಟೆಯ ಹತ್ತಿರವೇ ವಿಚಾರಣೆ ಇಟ್ಟಿದ್ದಾರೆ. ತಕರಾರು ಇದ್ದವರು ಆಧಾರ ತೋರಿಸಬೇಕು. ಇಲ್ಲದಿದ್ದರೆ ಮೇ ತಿಂಗಳಲ್ಲಿ ಕೀಳುತ್ತಾರೆ.

ಸಿಟ್ಟು ನಿಮಗೆ ಬರಬೇಕು ಅಜ್ಜಾ, ನನಗಲ್ಲ.

ನಿಲೋಫರ್

*

ಶಲವಡಿ
೧-೪-೨೦೨೫

ನನ್ನ ಬಂಗಾರ,

ಈ ಸಲ ಯುಗಾದಿಯ ಬೆನ್ನಿಗೇ ನಮ್ಮ ಹಬ್ಬ ಬಂತು. ಮೊನ್ನೆ ಗೂಳಪ್ಪನ ಮನೆಯಿಂದ ಹೋಳಿಗೆ, ನಿನ್ನೆ ನಮ್ಮಿಂದ ಅವರಿಗೆ ಶಿರಕುರ್ಮಾ. ನಿನ್ನ ಕಾಗದವೂ ಯುಗಾದಿಯ ಹಿಂದಿನ ದಿನವೇ ಬಂತು. ಅದನ್ನು ಓದಿ ನಾನು ಎಷ್ಟು ನಕ್ಕೆನೆಂದರೆ ನಿನ್ನ ಅಜ್ಜಿ ನೀರು ತಂದು ನಿಂತಳು. ಆಮೇಲೆ ಅತ್ತೆ. ಯಾಕೆ ಎನ್ನುವುದನ್ನು ನಿನಗೆ ಈಗ ಹೇಳಬೇಕು. ನೀನು ಎರಡು ತಿಂಗಳು ಮುಚ್ಚಿಟ್ಟಿ. ನಾನು ನಿನ್ನಿಂದ ಇಪ್ಪತ್ತೇಳು ವರ್ಷ ಮುಚ್ಚಿಟ್ಟಿದ್ದೇನೆ.

ಊರಲ್ಲಿ ನಮ್ಮ ಮನೆತನಕ್ಕೆ ಒಂದು ಅಡ್ಡಹೆಸರಿದೆ. ಮಣ್ಣಬುಟ್ಟ್ಯಾರು. ನೀವು ಅಣ್ಣಿಗೇರಿಯಲ್ಲಿ ಬೆಳೆದಿರಿ, ನಿಮ್ಮ ಕಿವಿಗೆ ಬೀಳದ ಹಾಗೆ ನೋಡಿಕೊಂಡೆ. ಸಾಲಿಯಲ್ಲಿ ನನ್ನ ಹೆಸರು ಯಾರೂ ಕರೆಯಲಿಲ್ಲ, “ಏ ಮಣ್ಣಬುಟ್ಟಿ” ಎನ್ನುತ್ತಿದ್ದರು. ನಾನು ಮೂರನೆಯದಕ್ಕೇ ಸಾಲಿ ಬಿಟ್ಟದ್ದಕ್ಕೆ ಬಡತನ ಎಂದು ನಿಮಗೆ ಹೇಳಿದ್ದೇನೆ. ಅರ್ಧ ಮಾತ್ರ ಖರೆ. ಯರಗುಪ್ಪಿಯಿಂದ ನಿನ್ನ ಅಜ್ಜಿಯ ಕಡೆಯವರು ವರ ನೋಡಲು ಬಂದಾಗ ಓಣಿಯ ಬಾಯಲ್ಲಿ ಯಾರೋ, “ಮಣ್ಣಬುಟ್ಟ್ಯಾರ ಮನಿ ಏನ್ರಿ?” ಎಂದು ಕೈ ತೋರಿಸಿ ನಕ್ಕರು. ಬಾಗಿಲ ಹಿಂದೆ ನಿಂತು ಅದನ್ನು ಕೇಳಿದ್ದೇನೆ, ಆಗ ಕಿವಿ ಚಲೋ ಇದ್ದವು. ಆ ಹೆಸರು ಎಲ್ಲಿಂದ ಬಂತೆಂದು ಯಾರಿಗೂ ಗೊತ್ತಿರಲಿಲ್ಲ. ನಮ್ಮವರು ಏನೋ ಹೇಸಿ ಕೆಲಸ ಮಾಡಿರಬೇಕು ಎಂದುಕೊಂಡೇ ಎಪ್ಪತ್ತಾರು ವರ್ಷ ಕಳೆದೆ.

ಈಗ ಗೊತ್ತಾಯಿತು. ಇಮಾಮಸಾಬ ಗಾಡಿಗೊಂದು ಬುಟ್ಟಿ ಮಣ್ಣು ಹೇರಿಸಿದ. ಹಡಗು ನಿಲ್ಲುವ ಊರಿಗೆ ಮಣ್ಣು ಹೊತ್ತ. ಮಾಳಿಗೆ ಬಿತ್ತು, ಹೆಸರು ಉಳಿಯಿತು. ಅಪ್ಪ ಯಾಕೆ ನಕ್ಕು ಎದ್ದು ಹೋಗುತ್ತಿದ್ದನೆಂದೂ ತಿಳಿಯಿತು.

ಅವನು ಹುಚ್ಚನಲ್ಲ ಮಗಳೇ. ನಮ್ಮ ಮನೆಯ ಮಾಳಿಗೆ ನೋಡಿದ್ದೀಯಲ್ಲ. ತೊಲೆ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ಎರೆಮಣ್ಣು, ಎಲ್ಲಕ್ಕೂ ಮೇಲೆ ಬೂದು ಬಣ್ಣದ ಹಾಳಮಣ್ಣು. ಮಳೆಗಾಲಕ್ಕೆ ಮುಂಚೆ ಒಂದು ಸಲ ಮಣ್ಣು ಎಳೆದರೆ ವರ್ಷವಿಡೀ ಹನಿ ಇಳಿಯುವುದಿಲ್ಲ. ಬೇಸಿಗೆಗೆ ತಂಪು, ಚಳಿಗೆ ಬೆಚ್ಚಗೆ. ತನಗೆ ಗೊತ್ತಿದ್ದುದರಲ್ಲಿ ಅತಿ ಒಳ್ಳೆಯದನ್ನು ಅವನು ಅಲ್ಲಿಗೆ ಒಯ್ದ. ನಮ್ಮಲ್ಲಿ ವರ್ಷವೆಲ್ಲ ಬೀಳುವ ಮಳೆ ಅಲ್ಲಿ ಎರಡು ದಿನಕ್ಕೇ ಬೀಳುತ್ತದೆ ಎಂದು ಆ ಬಡವನಿಗೆ ಹೇಗೆ ಗೊತ್ತಾಗಬೇಕು? ಹತ್ತಿ ಒಯ್ಯುವುದು ಬೇಸಿಗೆಯಲ್ಲಿ. ಅವರು ಆ ಊರಿನ ಮಳೆಗಾಲ ಕಂಡೇ ಇರಲಿಲ್ಲ.

ಪೇಂಟರನ ಹತ್ತಿರ ಹೋಗಿ ಬೋರ್ಡಿನ ಅಕ್ಷರ ಅಳಿಸಿದ್ದೇನೆ. ಹನ್ನೆರಡು ಮಂದಿ ಬೇಡ, ಗೂಳಪ್ಪ ಮತ್ತು ನಾನು ಇಬ್ಬರೇ ಬಸ್ಸಿಗೆ ಬರುತ್ತೇವೆ. ನನಗೋಸ್ಕರ ಯಾರ ಮುಂದೆಯೂ ಒಂದು ಸುಳ್ಳು ಹೇಳಬೇಡ. ಆಧಾರ ಕೇಳಿದ್ದಾರಲ್ಲ, ಒಂದು ಬುಟ್ಟಿ ತರುತ್ತೇನೆ.

ಮಣ್ಣಬುಟ್ಟಿ ಮಾಬುಸಾಬ

*

ನೆಲ್ಲಿಕೋಡಿ
೩-೫-೨೦೨೫

ಪ್ರೀತಿಯ ಅಜ್ಜನಿಗೆ,

ನೀವಿಬ್ಬರೂ ಸುಖವಾಗಿ ಮುಟ್ಟಿದ ಸುದ್ದಿ ಅವ್ವ ಫೋನಿನಲ್ಲಿ ಹೇಳಿದಳು. ಬಸ್ಸಿನಲ್ಲಿ ಮಣ್ಣಿನ ಬುಟ್ಟಿಗೆ ಲಗೇಜು ಕೇಳಿದ ಕಂಡಕ್ಟರನ ಕಥೆಯನ್ನು ಮುಸರತ್ ಇಡೀ ಆಸ್ಪತ್ರೆಗೆ ಹೇಳಿದ್ದಾಳೆ.

ವಿಚಾರಣೆಯ ದಿನ ನೀವು ಕಟ್ಟೆಯ ಮೇಲೆ ಕೂತು ಎಲ್ಲರ ಮುಖ ನೋಡುತ್ತಿದ್ದಿರಿ. ಅಲ್ಲಿ ನಡೆದ ಮಾತು ನಿಮಗೆ ಕೇಳಲಿಲ್ಲ. ಬಸ್ಸಿನ ಗಡಿಬಿಡಿಯಲ್ಲಿ ನನಗೂ ಹೇಳಲಾಗಲಿಲ್ಲ. ಒಂದೊಂದಾಗಿ ಬರೆಯುತ್ತೇನೆ.

ಮೊದಲು ರಸ್ತೆಯ ಇಂಜಿನಿಯರು, ದಾರಿ ನೆಟ್ಟಗೆ ಹೋಗಬೇಕು, ಪಾಳುಬಿದ್ದ ಕಟ್ಟೆಗೆ ಯಾರ ಕಾಗದವೂ ಇಲ್ಲ ಎಂದರು. ತಹಶೀಲ್ದಾರರು ನಿಮ್ಮ ಕಡೆ ತಿರುಗಿ ಕಾಗದ ಏನಿದೆ ಎಂದು ಕೇಳಿದರು. ಆಗಲೇ ನೀವು ಅವರ ಮೇಜಿನ ಮೇಲೆ ಉಂಡೆಗಳನ್ನು ಇಟ್ಟಿರಿ. ಶಲವಡಿಯವು ಮೂರು, ಕಟ್ಟೆಯದು ಒಂದು, ಇಲ್ಲಿಯ ಕೆಂಪು ಮಣ್ಣಿನದೊಂದು. ಅವರು ಕೆಂಪಿನದನ್ನು ಬದಿಗೆ ಸರಿಸಿ, ಉಳಿದ ನಾಲ್ಕನ್ನು ತಿರುಗಿಸಿ ತಿರುಗಿಸಿ ನೋಡಿ, “ಇದರಲ್ಲಿ ನಮ್ಮ ಕಟ್ಟೆಯದು ಯಾವುದು?” ಎಂದರು. ಇಂಜಿನಿಯರು ಒಂದನ್ನು ತೋರಿಸಿದರು. ಅದು ಗೂಳಪ್ಪಜ್ಜನ ಹೊಲದ್ದು. ಎಲ್ಲರೂ ನಕ್ಕದ್ದು ಅದಕ್ಕೆ.

ಆದರೆ ಮಣ್ಣು ಎಲ್ಲಿಯದೆಂದು ಗೊತ್ತಾದರೆ ಸಾಕೇ, ಕಟ್ಟೆ ಉಳಿಸಲು ಕಾರಣ ಬೇಡವೇ ಎಂದು ಇಂಜಿನಿಯರು ಕೇಳಿದರು. ತಪ್ಪಲ್ಲ ಅವರ ಮಾತು. ಆಗ ಬೀರಮ್ಮ ಮೊಣಕಾಲು ಹಿಡಿದು ಎದ್ದರು. ಇಷ್ಟು ದಿನ ನನಗೂ ಹೇಳದ ಅರ್ಧ ಕಥೆಯನ್ನು ಅಲ್ಲಿ ಹೇಳಿದರು. ಮನೆ ಮುಗಿಸಲೆಂದು ಆ ವರ್ಷ ಮಳೆ ಹಿಡಿಯುವವರೆಗೂ ನಿಂತಿದ್ದ ಗಾಡಿಯವರು ಮಾಡು ಬಿದ್ದ ಮೇಲೆ ಘಟ್ಟ ಹತ್ತುವ ಹಾಗಿರಲಿಲ್ಲ, ದಾರಿಯೆಲ್ಲ ಮಳೆಯಲ್ಲಿ ಕೊಚ್ಚಿ ಹೋಗಿತ್ತು. ನಾಲ್ಕು ತಿಂಗಳು ಅವರು ಎತ್ತುಗಳ ಸಮೇತ ದೋಣಿಯವರ ಕೇರಿಯಲ್ಲೇ ಇದ್ದರು, ಮನೆಗೊಬ್ಬರಂತೆ. ಬೀರಮ್ಮ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ:

“ನಕ್ಕದ್ದೂ ನಾವೇ, ಗಂಜಿ ಬಡಿಸಿದ್ದೂ ನಾವೇ. ಮಡಲು ಹಾಕುದು ಬರೀ ಚೇಷ್ಟೆಗಲ್ಲ ಸಾಯ್ಬರೇ. ಮೊದಲ ಮಳೆಗೆ ಯಾರ ಮಾಡು ಸೋರ್ತದೋ ಅವರ ಮನೆಗೆ ಊರು ಒಂದೊಂದು ಮಡಲು ಕೊಡಬೇಕು. ಆ ವರ್ಷ ಹಿಡಿದ ಪದ್ಧತಿ ಅದು. ಕೊಡೂಕೆ ಶುರು ಮಾಡುದು ಈ ಕಟ್ಟೆಯಿಂದ. ಕಟ್ಟೆ ಕಿತ್ರೆ ಎಲ್ಲಿಂದ ಶುರು ಮಾಡುದು?”

ನೀವು ಆಗ ನನ್ನ ಕೈ ಜಗ್ಗಿ ಏನೆಂದು ಕೇಳಿದಿರಿ. ಆಮೇಲೆ ಹೇಳುತ್ತೇನೆ ಎಂದು ಸನ್ನೆ ಮಾಡಿದೆ.

ಆಮೇಲೆ ಗೂಳಪ್ಪಜ್ಜ ಎದ್ದು ನಿಂತರು. ಅವರು ಏನು ಹೇಳಿದರೆಂದು ನೀವು ಕೇಳಿದಾಗ, ಮಳೆ ಬೆಳೆಯ ಮಾತು ಎಂದು ಅವರೇ ನಿಮಗೆ ಕೂಗಿ ಹೇಳಿದರಲ್ಲ, ಅದು ಸುಳ್ಳು. ಅವರು ಹೇಳಿದ್ದು ಇದು: “ಸಾಹೇಬರ, ಇವನ್ನ ಸಾಲ್ಯಾಗ ಮಣ್ಣಬುಟ್ಟಿ ಅಂತ ಮೊದಲ ಕರದಾಂವ ನಾನs. ಇಂವ ಸಾಲಿ ಬಿಟ್ಟಿದ್ದು ನನ್ನ ಬಾಯಿಂದ. ಆ ಬುಟ್ಟಿ ಹೊತ್ತ ಗಾಡಿ ನಮ್ಮ ಹಿರ್ಯಾಂದs ಇತ್ತು, ಅದು ನನಗೂ ಗೊತ್ತಿದ್ದಿಲ್ಲ. ಇವತ್ತ ಈ ಬುಟ್ಟಿ ಬಸ್‌ಸ್ಟ್ಯಾಂಡಿನಿಂದ ನಾನs ಹೊತ್ತು ತಂದೀನಿ.”

ಬುಟ್ಟಿ ಹೊರಲು ಅವರು ನಿಮಗೆ ಯಾಕೆ ಬಿಡಲಿಲ್ಲ ಎಂದು ಈಗ ತಿಳಿಯಿತೇ?

ಆದೇಶ ನಿನ್ನೆ ಬಂದಿದೆ. ರಸ್ತೆ ಒಂಬತ್ತು ಅಡಿ ಸುಂಕದ ಕಟ್ಟಡದ ಕಡೆಗೆ ಸರಿಯುತ್ತದೆ. ಕಟ್ಟೆ ಇದ್ದಲ್ಲೇ ಇರುತ್ತದೆ. ಪಕ್ಕದಲ್ಲಿ ಒಂದು ಫಲಕಕ್ಕೆ ಜಾಗ ಬಿಡುತ್ತಾರೆ, ಏನು ಬರೆಯಬೇಕೆಂದು ನಿಮ್ಮನ್ನು ಕೇಳಲು ತಹಶೀಲ್ದಾರರು ಹೇಳಿದ್ದಾರೆ. ಹೆಸರನ್ನು ಬೇಕಾದರೆ ಬದಲಿಸಬಹುದಂತೆ.

ನಿಲೋಫರ್

*

ಶಲವಡಿ
೧೧-೫-೨೦೨೫

ನಿಲೋಫರ್ ಮಗಳೇ,

ನೀನೂ ಮುಸರತ್ತೂ ಚೆನ್ನಾಗಿದ್ದೀರಲ್ಲ? ಬೀರಮ್ಮನವರ ಮೊಣಕಾಲಿಗೆ ನಿನ್ನ ಅಜ್ಜಿ ಹತ್ತಿಯ ಪಟ್ಟಿ ಹೊಲಿದು ಕೊಟ್ಟಿದ್ದಾಳೆ, ಇದರ ಜೊತೆ ಕಳಿಸಿದ್ದೇನೆ. ಹೊಸ ಹತ್ತಿ, ನಾನೇ ಕೈಯಿಂದ ಹಿಂಜಿದ್ದು. ಈ ಸಲವೂ ನಮ್ಮೂರಿನ ಹತ್ತಿ ನೆಲ್ಲಿಕೋಡಿಗೆ ಹೋಯಿತು ನೋಡು.

ನಿನ್ನ ಕಾಗದವನ್ನು ಹೊಟೇಲಿನಲ್ಲಿ ಓದಲಿಲ್ಲ. ಗೂಳಪ್ಪನ ಮನೆಯ ಕಟ್ಟೆಗೆ ಹೋಗಿ ಅವನ ಕೈಗೇ ಕೊಟ್ಟೆ. ಓದಿದ. ಕನ್ನಡಕ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. ಆಮೇಲೆ ನನ್ನ ಕಿವಿಗೆ ಬಾಯಿ ಹಚ್ಚಿ, “ಕಿವುಡ ಅದಾನ ಅಂತ ಧೈರ್ಯಲೆ ಹೇಳಿದ್ದೆ. ನಿನ್ನ ಮೊಮ್ಮಗಳು ಬರದs ಬಿಟ್ಲೇನಲೇ?” ಎಂದ. ಅವನ ಹೆಂಡತಿ ಒಳಗಿನಿಂದ ಬಂದು ಚಹಾ ಇಟ್ಟಳು. ಇಬ್ಬರೂ ಕುಡಿದೆವು. ಕಡೆಗೆ, “ಬುಟ್ಟಿ ಭಾರ ಇತ್ತೇನಲೇ?” ಎಂದೆ. ಬಹಳ ಇತ್ತೆಂದು ತಲೆಯಾಡಿಸಿದ.

ಹೆಡ್‌ಬಾಯಿ ಅರ್ಧ ಪುಟ ಸಾಲದೆಂದು ಎರಡು ಪುಟ ಕೊಟ್ಟಿದ್ದಾರೆ. ಮಣ್ಣಬುಟ್ಟ್ಯಾರು ಎಂಬ ಹೆಸರನ್ನು ಬಿಡೋಣವೇ ಎಂದು ಕೇಳಿದರು. ಅದನ್ನೇ ದೊಡ್ಡ ಅಕ್ಷರದಲ್ಲಿ ಹಾಕಿರಿ ಎಂದೆ.

ಫಲಕದ ಮಾತು. ಹೆಸರು ಬದಲಿಸಬೇಡಿ. ಹುಚ್ಚರ ಕಟ್ಟೆ ಎಂದೇ ಇರಲಿ. ಅದರ ಕೆಳಗೆ ಇಷ್ಟು ಸಾಕು: ‘ಶಲವಡಿಯ ಗಾಡಿಯವರು ತಮ್ಮೂರಿನ ಮಣ್ಣು ತಂದು ಇಲ್ಲೊಂದು ಮಾಳಿಗೆ ಕಟ್ಟಿದರು. ಮೊದಲ ಮಳೆಗೆ ಬಿತ್ತು. ಆ ನಾಲ್ಕು ತಿಂಗಳು ಈ ಊರು ಅವರಿಗೆ ಮಾಡಾಯಿತು.’ ಅಣ್ಣಿಗೇರಿಯ ಪೇಂಟರ ಹಳೆಯ ತಗಡಿನ ಮೇಲೆಯೇ ಬರೆದು ಕೊಟ್ಟಿದ್ದಾನೆ, ನಿನ್ನ ಅವ್ವ ಬರುವಾಗ ತರುತ್ತಾಳೆ.

ಇನ್ನೊಂದು ಕೆಲಸ ನಿನ್ನದು. ಮಳೆ ಅಲ್ಲಿ ನಮಗಿಂತ ಮೊದಲು ಬರುತ್ತದೆ. ಮೊದಲ ಮಳೆಯ ಮರುದಿನ ಬೀರಮ್ಮನ ಜೊತೆ ನೀನೂ ಹೋಗು. ಅವರು ಒಂದು ಮಡಲು ಹಾಕುತ್ತಾರಲ್ಲ, ಅದರ ಪಕ್ಕದಲ್ಲಿ ನಮ್ಮ ಮನೆಯದೊಂದು ಹಾಕು. ಆಮೇಲೆ ಕೇರಿಯಲ್ಲಿ ಯಾರ ಮಾಡು ಸೋರುತ್ತಿದೆಯೋ ವಿಚಾರಿಸು, ಅಲ್ಲಿಗೂ ಒಂದು ನಮ್ಮ ಹೆಸರಿನಲ್ಲಿ ಕೊಡು. ಯಾರು ಕೊಟ್ಟರೆಂದು ಕೇಳಿದರೆ ಮಣ್ಣಬುಟ್ಟ್ಯಾರು ಎನ್ನು.

ಗೂಳಪ್ಪನದೂ ಒಂದು ಹಾಕಬೇಕಂತೆ. ಈಗ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾನೆ, ನನಗೂ ಕೇಳುವಷ್ಟು ಜೋರಾಗಿ.

ಬಿರುಕು ಮುಚ್ಚಿತೇ, ನಿನ್ನ ಕೀಲಿ ಮೇಲೆ ಬಂತೇ, ಮಡಲಿನ ಮೇಲೆ ಹನಿ ಬಿದ್ದಾಗ ಹೇಗೆ ಸಪ್ಪಳವಾಗುತ್ತದೆ? ಆ ಸಪ್ಪಳ ನನಗೆ ಓದಿದರೆ ಕೇಳುವ ಹಾಗೆ ಬರೆ. ಮಳೆ ನಿಲ್ಲುವವರೆಗೆ ಕಾಯಬೇಡ, ಅದು ಬೀಳುತ್ತಿರುವಾಗಲೇ ಕೂತು ಬರೆ.

ನಿನ್ನ ಕಾಗದದ ದಾರಿ ಕಾಯುವ,
ಅಜ್ಜ